ಗೇಮ್ ಒಳಗೆ ಉಳಿದುಹೋದ ಗೇಮ್: ಪದೇ ಪದೇ ಕೇಳುವ ಪ್ರಶ್ನೆಗಳು

ಭಾನುವಾರ ತಿಂಡಿ ಆದ ಮೇಲೆ ಮಂಡ್ಯದ ನಮ್ಮ ಮನೆ ಮಹಡಿಗೆ ನಾಲ್ಕೈದು ಮಕ್ಕಳು ಬರುತ್ತಾರೆ. ಇಬ್ಬರು ಮದ್ದೂರಿನವರು. ಒಬ್ಬಳು ಮೈಸೂರಿನಿಂದ ರೈಲು ಹತ್ತಿ ಬರುತ್ತಾಳೆ. ಹಳೆಯ ಗೇಮ್‌ಗಳ ಫೈಲ್ ಬಿಚ್ಚಿ, ಆಡುವವರ ಕಣ್ಣಿಗೆ ಬೀಳದೆ ಒಳಗೆ ಏನೇನು ಉಳಿದಿದೆ ಅಂತ ನೋಡುವುದು ನಮ್ಮ ಕೆಲಸ. ಈ ಮಕ್ಕಳು, ಅವರ ಅಪ್ಪ ಅಮ್ಮಂದಿರು, ನನ್ನ ನೆಂಟರು ಎಲ್ಲರೂ ಹೆಚ್ಚುಕಡಿಮೆ ಇವೇ ಪ್ರಶ್ನೆ ಕೇಳುತ್ತಾರೆ. ಅದಕ್ಕೆ ಒಂದು ಕಡೆ ಬರೆದಿಟ್ಟಿದ್ದೇನೆ.

ಬಳಸದ ಕಂಟೆಂಟ್ ಅಂದ್ರೆ ಏನು?

ಗೇಮ್ ಮಾಡುವಾಗ ಚಿತ್ರ, ಸಂಗೀತ, ಮಾತು, ಲೆವೆಲ್, ಶತ್ರುಗಳು ಅಂತ ಏನೇನೋ ತಯಾರಿಸುತ್ತಾರೆ. ಎಲ್ಲವೂ ಕೊನೆಯ ಆಟಕ್ಕೆ ಸೇರುವುದಿಲ್ಲ. ಆದರೆ ಸೇರದೆ ಹೋದದ್ದು ಎಷ್ಟೋ ಸಲ ಕ್ಯಾಸೆಟ್ ಅಥವಾ ಡಿಸ್ಕ್ ಒಳಗೇ ಇರುತ್ತದೆ. ನೀವು ಹೇಗೆ ಆಡಿದರೂ ಅಲ್ಲಿಗೆ ದಾರಿ ಇರುವುದಿಲ್ಲ. ನೀವು ದುಡ್ಡು ಕೊಟ್ಟು ತಂದ ಡಿಸ್ಕ್‌ನಲ್ಲೇ ನೀವು ಯಾವತ್ತೂ ನೋಡದ ಒಂದು ಊರು ಇರಬಹುದು. ಅದೇ ಬಳಸದ ಕಂಟೆಂಟ್.

ಈಸ್ಟರ್ ಎಗ್, ಚೀಟ್ ಕೋಡ್, ಗ್ಲಿಚ್ ಎಲ್ಲಾ ಒಂದೇನಾ?

ಅಲ್ಲ. ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಜಾಸ್ತಿ ಗೊಂದಲ ಆಗುವುದು ಇಲ್ಲೇ.

ಈಸ್ಟರ್ ಎಗ್ ಅನ್ನು ಬೇಕಂತಲೇ ಬಚ್ಚಿಟ್ಟಿರುತ್ತಾರೆ, ಯಾರಾದರೂ ಹುಡುಕಲಿ ಅನ್ನುವ ಆಸೆಯಿಂದ. ನಮ್ಮ ಕಡೆ ಸೈಬರ್ ಸೆಂಟರ್‌ನಲ್ಲಿ ಗಂಟೆ ಲೆಕ್ಕದಲ್ಲಿ ಆಡಿದವರಿಗೆಲ್ಲ ಜಿಟಿಎ ವೈಸ್ ಸಿಟಿ ಗೊತ್ತು. ಅದರಲ್ಲಿ ವಿಸಿಎನ್ ಅನ್ನುವ ಟೀವಿ ಕಟ್ಟಡದ ಒಂದು ಕಿಟಕಿ ಗಟ್ಟಿ ಇಲ್ಲ. ಎದುರಿನ ಕಟ್ಟಡದಿಂದ ಆ ಕಿಟಕಿಗೆ ಹಾರಿದರೆ ಒಳಗೆ ದೊಡ್ಡದೊಂದು ಚಾಕೊಲೇಟ್ ಮೊಟ್ಟೆ. ಅದರ ಮೇಲೆ ಈಸ್ಟರ್ ಹಬ್ಬದ ಶುಭಾಶಯ.

ಚೀಟ್ ಕೋಡ್ ಎಷ್ಟೋ ಸಲ ಗೇಮ್ ಮಾಡುವವರ ಸ್ವಂತ ಸಲಕರಣೆ. ಕೊನಾಮಿ ಕೋಡ್ ಹುಟ್ಟಿದ್ದು ಹಾಗೆ. ಕೊನಾಮಿ ಕಂಪನಿಯ ಕಜುಹಿಸಾ ಹಶಿಮೊಟೊ 'ಗ್ರಾಡಿಯಸ್' ಗೇಮ್ ಅನ್ನು ಟೀವಿ ಗೇಮ್‌ಗೆ ತರುವಾಗ ಪರೀಕ್ಷೆಗೆ ಅಂತ ಆಡಿ ನೋಡಿದರು. ಅವರಿಗೇ ಅದು ತೀರಾ ಕಷ್ಟ ಅನ್ನಿಸಿತು. ಎಲ್ಲಾ ಆಯುಧ ಒಂದೇ ಸಲಕ್ಕೆ ಕೊಡುವ ಕೋಡ್ ಒಂದನ್ನು ಹಾಕಿಕೊಂಡರು. 1986ರಲ್ಲಿ ಗೇಮ್ ಹೊರಬಂದಾಗ ಅದೂ ಜೊತೆಗೇ ಬಂತು. ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ. ಶಾಲೆಯ ಕಂಪ್ಯೂಟರ್ ಲ್ಯಾಬ್‌ನಲ್ಲಿ ಪ್ರಿನ್ಸ್ ಆಫ್ ಪರ್ಷಿಯಾ ಆಡುವಾಗ 'ಪ್ರಿನ್ಸ್ ಮೆಗಾಹಿಟ್' ಅಂತ ಟೈಪ್ ಮಾಡಿ ಶುರು ಮಾಡುತ್ತಿದ್ದೆವಲ್ಲ, ಅದೂ ಇದೇ ಜಾತಿಯದು.

ಗ್ಲಿಚ್ ಅಂದರೆ ತಪ್ಪು. 1985ರ ಸೂಪರ್ ಮಾರಿಯೋದಲ್ಲಿ 1-2 ಲೆವೆಲ್‌ನ ಕೊನೆಯ ಗೋಡೆಯೊಳಗೆ ತೂರಿಕೊಂಡು ಹೋದರೆ 'ಮೈನಸ್ 1' ಅನ್ನುವ ಲೋಕ ಬರುತ್ತದೆ. ನೀರಿನ ಲೆವೆಲ್, ಮುಗಿಯುವುದೇ ಇಲ್ಲ. ಅದನ್ನು ಯಾರೂ ಬಚ್ಚಿಟ್ಟಿಲ್ಲ. ನಿಜದಲ್ಲಿ ಅದು ಲೋಕ 36. ಗೇಮ್‌ನ ಚಿತ್ರಪಟ್ಟಿಯಲ್ಲಿ 36ನೇ ಚೌಕ ಖಾಲಿ. ಹಾಗಾಗಿ ಅಂಕಿಯ ಜಾಗ ಖಾಲಿ ಬಿದ್ದು, '36-1' ಬದಲು ಬರೀ '-1' ಕಾಣುತ್ತದೆ.

ಬಳಸದ ಕಂಟೆಂಟ್ ಈ ಮೂರಕ್ಕಿಂತ ಬೇರೆ. ಅದನ್ನು ಹುಡುಕಲಿ ಅಂತಲೂ ಇಟ್ಟಿಲ್ಲ, ತಪ್ಪಿನಿಂದಲೂ ಹುಟ್ಟಿಲ್ಲ. ಮಾಡಿದರು, ಬೇಡವಾಯಿತು, ಉಳಿಯಿತು.

ಬೇಡವಾದ್ದನ್ನು ಅಳಿಸಿ ಹಾಕಬಹುದಿತ್ತಲ್ವಾ?

ಈ ಪ್ರಶ್ನೆ ಕೇಳಿದವರಿಗೆ ನಾನು ಕನ್ನಂಬಾಡಿಯ ವೇಣುಗೋಪಾಲಸ್ವಾಮಿ ದೇವಸ್ಥಾನದ ಕಥೆ ಹೇಳುತ್ತೇನೆ. ಕೆಆರ್‌ಎಸ್ ಕಟ್ಟಿದಾಗ ಆ ಗುಡಿ ಹಿನ್ನೀರಲ್ಲಿ ಮುಳುಗಿತು. ಅದನ್ನು ಯಾರೂ ಒಡೆದು ಹಾಕಲಿಲ್ಲ. ನೀರು ಬಂತು, ಗುಡಿ ಒಳಗೆ ಹೋಯಿತು, ಅಷ್ಟೇ. ಮಳೆ ಕೈಕೊಟ್ಟ ವರ್ಷ ನೀರು ಇಳಿದಾಗ ಮತ್ತೆ ಕಾಣುತ್ತಿತ್ತು. ಈಗ ಅದನ್ನು ಕಲ್ಲು ಕಲ್ಲಾಗಿ ಬಿಚ್ಚಿ ತಂದು ಹೊಸ ಕನ್ನಂಬಾಡಿಯಲ್ಲಿ ಕಟ್ಟಿದ್ದಾರೆ. ಗೇಮ್‌ನಲ್ಲೂ ಹೀಗೇ ಆಗುತ್ತದೆ. ಒಂದು ಲೆವೆಲ್ ಬೇಡ ಅಂದರೆ ಅದಕ್ಕೆ ಹೋಗುವ ದಾರಿ ಮುಚ್ಚುತ್ತಾರೆ. ಲೆವೆಲ್ ಅಲ್ಲೇ ಇರುತ್ತದೆ.

ಹಾಗೆ ಮಾಡಲು ಕಾರಣ ಇದೆ. ಗೇಮ್ ಒಳಗೆ ಒಂದು ಇನ್ನೊಂದನ್ನು ನೆಚ್ಚಿಕೊಂಡಿರುತ್ತದೆ. 40ನೇ ಲೆವೆಲ್ ಕಿತ್ತು ಹಾಕಿದರೆ 41 ಇದ್ದದ್ದು 40 ಆಗಿಬಿಡುತ್ತದೆ, ಅದನ್ನು ಕರೆಯುವ ಕೋಡ್ ಎಲ್ಲಾ ತಪ್ಪುತ್ತದೆ. ಫ್ಯಾಕ್ಟರಿಗೆ ಕೊಡಲು ವಾರ ಉಳಿದಿರುವಾಗ ಆ ಕೆಲಸಕ್ಕೆ ಯಾರೂ ಕೈ ಹಾಕುವುದಿಲ್ಲ. ನಡೆಯುತ್ತಿರುವ ಗಾಡಿಯ ಕೀಲು ಯಾಕೆ ಬಿಚ್ಚಬೇಕು?

ಆ ಕೊನೆ ಗಳಿಗೆಯಲ್ಲೂ ಧೈರ್ಯ ಮಾಡಿದವರು ಒಬ್ಬರಿದ್ದಾರೆ. 1996ರ ಮೊದಲ ಪೋಕೆಮಾನ್ ಗೇಮ್ ಮುಗಿಯುತ್ತಾ ಬಂದಾಗ, ಪರೀಕ್ಷೆಗೆ ಬಳಸುತ್ತಿದ್ದ ಕೋಡ್ ತೆಗೆದರು. ಸುಮಾರು 300 ಬೈಟ್ ಜಾಗ ಸಿಕ್ಕಿತು. ಇನ್ನು ಏನನ್ನೂ ಮುಟ್ಟಬಾರದು ಅನ್ನುವ ಹಂತ ಅದು. ಆದರೂ ಆ ಗೇಮ್ ಮಾಡಿದ ತಂಡದ ಶಿಗೆಕಿ ಮೊರಿಮೊಟೊ ಆ ಜಾಗಕ್ಕೆ ಮ್ಯೂ ಅನ್ನುವ ಪೋಕೆಮಾನ್ ಸೇರಿಸಿದರು. ಸುಮ್ಮನೆ ಆಡಿದರೆ ಅದು ಸಿಗುತ್ತಿರಲಿಲ್ಲ. ಆದರೆ ಗ್ಲಿಚ್‌ಗಳಿಂದ ಆಟಗಾರರಿಗೆ ಅದು ಎದುರಾಯಿತು. 300 ಬೈಟ್ ಅಂದರೆ ಎಷ್ಟು ಗೊತ್ತಾ? ಕನ್ನಡದ ಒಂದು ಅಕ್ಷರಕ್ಕೆ ಈಗಿನ ಕಂಪ್ಯೂಟರ್‌ನಲ್ಲಿ ಸಾಮಾನ್ಯವಾಗಿ ಕಡಿಮೆ ಅಂದರೂ 3 ಬೈಟ್ ಬೇಕು. ಅಂದರೆ ಹೆಚ್ಚೆಂದರೆ ನೂರು ಅಕ್ಷರ. ಅಷ್ಟು ಜಾಗದಲ್ಲಿ ಒಂದು ಜೀವ!

ಡಿಸ್ಕ್ ಕಾಲದಲ್ಲಿ ಇನ್ನೊಂದು ವಿಚಿತ್ರ. ಡಿಸ್ಕ್ ತುಂಬಿಸಲು ಕೆಲಸಕ್ಕೆ ಬಾರದ 'ಡಮ್ಮಿ' ಫೈಲ್ ಹಾಕುತ್ತಿದ್ದರು. ಪ್ಲೇಸ್ಟೇಷನ್‌ನ 'ಟೈಗರ್ ವುಡ್ಸ್ 99' ಗಾಲ್ಫ್ ಗೇಮ್‌ನಲ್ಲಿ ಹಾಗೆ ಹಾಕಿದ ಫೈಲ್ ನಿಜಕ್ಕೂ ಒಂದು ಕಾರ್ಟೂನ್ ವಿಡಿಯೋ ಆಗಿತ್ತು. ಸೌತ್ ಪಾರ್ಕ್ ಅನ್ನುವ ಟೀವಿ ಕಾರ್ಟೂನ್ ಹುಟ್ಟಲು ಕಾರಣವಾದ, ಮಕ್ಕಳಿಗೆ ತೋರಿಸುವಂಥದ್ದಲ್ಲದ ಕಿರುಚಿತ್ರ. 1999ರ ಜನವರಿಯಲ್ಲಿ ಕಂಪನಿ ಡಿಸ್ಕ್‌ಗಳನ್ನು ವಾಪಸ್ ಕರೆಸಿಕೊಳ್ಳಬೇಕಾಯಿತು.

ಗೇಮ್ ಒಳಗೆ ಗುಟ್ಟಾಗಿ ಬಚ್ಚಿಡುವುದನ್ನು ಮೊದಲು ಮಾಡಿದವರು ಯಾರು?

ಎಲ್ಲರೂ ಹೇಳುವ ಹೆಸರು ವಾರನ್ ರಾಬಿನೆಟ್. ಅಟಾರಿ ಕಂಪನಿಯ 'ಅಡ್ವೆಂಚರ್' ಗೇಮ್ ಮಾಡಿದವರು. ಆಗ ಅಟಾರಿಯವರು ಗೇಮ್ ಮಾಡಿದವರ ಹೆಸರನ್ನು ಎಲ್ಲೂ ಹಾಕುತ್ತಿರಲಿಲ್ಲ. ರಾಬಿನೆಟ್ ಯಾರಿಗೂ ಹೇಳದೆ ಒಂದು ಗುಟ್ಟಿನ ಕೋಣೆ ಮಾಡಿ ತಮ್ಮ ಹೆಸರು ಬರೆದರು. ಕೋಣೆಗೆ ಹೋಗಲು ಒಂದೇ ಒಂದು ಪಿಕ್ಸೆಲ್‌ನ ಚುಕ್ಕೆ ಹುಡುಕಿ ಹೊತ್ತು ತರಬೇಕು. ಅದೂ ಹಿನ್ನೆಲೆಯದೇ ಬಣ್ಣ. ಅವರು ಕೆಲಸ ಬಿಟ್ಟುಹೋದ ಮೇಲೆ ಒಬ್ಬ ಹುಡುಗ ಅದನ್ನು ಕಂಡುಹಿಡಿದು ಕಂಪನಿಗೆ ಕಾಗದ ಬರೆದ. ತೆಗೆದು ಹಾಕುವ ಬದಲು ಇಂಥದ್ದನ್ನು ಇನ್ನಷ್ಟು ಇಡೋಣ ಅಂದರು ಅಲ್ಲಿನ ಸ್ಟೀವ್ ರೈಟ್. 'ಈಸ್ಟರ್ ಎಗ್' ಅನ್ನುವ ಹೆಸರು ಬಂದದ್ದೂ ಅವರಿಂದಲೇ. ಆದರೆ ಅದಕ್ಕಿಂತ ಹಿಂದಿನದೂ ಇದೆ. 1977ರ 'ಸ್ಟಾರ್‌ಶಿಪ್ 1' ಅನ್ನುವ ಆರ್ಕೇಡ್ ಗೇಮ್‌ನಲ್ಲಿ ರಾನ್ ಅನ್ನುವವರಿಗೆ 'ಹಾಯ್' ಹೇಳುವ ಸಾಲು ಅಡಗಿತ್ತು. ಅದು ಬೆಳಕಿಗೆ ಬಂದದ್ದು 2017ರಲ್ಲಿ, 40 ವರ್ಷ ಆದ ಮೇಲೆ.

ನಾನು ಮಕ್ಕಳನ್ನು ಸೋಮನಾಥಪುರಕ್ಕೆ ಕರೆದುಕೊಂಡು ಹೋಗಿದ್ದೆ. 13ನೇ ಶತಮಾನದ ಆ ಗುಡಿಯ ವಿಗ್ರಹಗಳ ಕೆಳಗೆ ಶಿಲ್ಪಿಗಳ ಹೆಸರಿದೆ. ಮಲ್ಲಿತಮ್ಮ ಅನ್ನುವ ಹೆಸರಂತೂ ಮತ್ತೆ ಮತ್ತೆ ಸಿಗುತ್ತದೆ. ಹೊಯ್ಸಳರ ಕಾಲದಲ್ಲಿ ಕಲ್ಲು ಕೆತ್ತಿದವನು ಹಗಲಲ್ಲೇ ಹೆಸರು ಹಾಕಿದ. 700 ವರ್ಷ ಆದ ಮೇಲೆ ಗೇಮ್ ಮಾಡಿದವನು ಕದ್ದುಮುಚ್ಚಿ ಹಾಕಬೇಕಾಯಿತು. ಮದ್ದೂರಿನ ಹುಡುಗ ಆ ಹೆಸರಿನ ಮುಂದೆ ಕೂತು, "ಅಣ್ಣ, ಇವ್ರನ್ನ ಯಾರೂ ತಡೀಲಿಲ್ವಾ?" ಅಂದ. ನಾನು ಈ ಕೆಲಸ ಮಾಡುವುದೇ ಆ ಪ್ರಶ್ನೆಗೋಸ್ಕರ. ಬಳಸದೆ ಬಿಟ್ಟ ಒಂದು ಚಿತ್ರದ ಹಿಂದೆ ಒಬ್ಬ ಮನುಷ್ಯನ ಒಂದು ವಾರದ ದುಡಿಮೆ ಇರುತ್ತದೆ. ಅದನ್ನು ಯಾರಾದರೂ ಒಬ್ಬರು ನೋಡಬೇಕು.

ಹುಡುಕೋದು ಹೇಗೆ? ಏನೇನು ಬೇಕು?

ಹಳೆಯ ಲ್ಯಾಪ್‌ಟಾಪ್ ಸಾಕು. ಟೀವಿ ಗೇಮ್‌ನ ಕ್ಯಾಸೆಟ್ ಒಳಗಿನ ಮಾಹಿತಿಯನ್ನು ಕಂಪ್ಯೂಟರ್‌ಗೆ ಇಳಿಸಿಕೊಂಡರೆ ಅದು ರಾಮ್ (ROM) ಫೈಲ್. ಅದನ್ನು ಆಡಿಸಲು ಎಮ್ಯುಲೇಟರ್, ಅಂದರೆ ಹಳೆಯ ಗೇಮ್ ಯಂತ್ರದ ಹಾಗೆ ನಡೆದುಕೊಳ್ಳುವ ಸಾಫ್ಟ್‌ವೇರ್. ಒಳಗೆ ಇಣುಕಲು, ಫೈಲ್‌ನ ಬೈಟ್‌ಗಳನ್ನು ಒಂದೊಂದಾಗಿ ತೋರಿಸುವ ಹೆಕ್ಸ್ ಎಡಿಟರ್ ಮತ್ತು ಚಿತ್ರದ ಚೌಕಗಳನ್ನು ತೋರಿಸುವ ಟೈಲ್ ವೀಕ್ಷಕ. ಇವೆಲ್ಲ ಉಚಿತವಾಗಿ ಸಿಗುತ್ತವೆ.

ಹೊಸಬರನ್ನು ನಾನು ಮೊದಲು ಕೂರಿಸುವುದು ಚಿತ್ರದ ಮುಂದೆ. ಸೂಪರ್ ಮಾರಿಯೋದ ಪೂರ್ತಿ ಗೇಮ್ 40 ಕಿಲೋಬೈಟ್. ಅದರಲ್ಲಿ 8 ಕಿಲೋಬೈಟ್ ಚಿತ್ರಗಳಿಗೆ. ಒಂದೊಂದು ಚಿತ್ರವೂ 8 ಪಿಕ್ಸೆಲ್ ಅಗಲ, 8 ಪಿಕ್ಸೆಲ್ ಎತ್ತರದ ಚೌಕಗಳಿಂದ ಆದದ್ದು. ಒಂದು ಚೌಕಕ್ಕೆ 16 ಬೈಟ್. ಲೆಕ್ಕ ಹಾಕಿ, 512 ಚೌಕ. ಇಷ್ಟರಲ್ಲೇ ಮಾರಿಯೋ, ಅಣಬೆ, ಮೋಡ, ಇಟ್ಟಿಗೆ ಎಲ್ಲಾ. ಟೈಲ್ ವೀಕ್ಷಕದಲ್ಲಿ ತೆರೆದು ಒಂದೊಂದೇ ಚೌಕ ನೋಡುತ್ತಾ, ಇದು ಆಟದಲ್ಲಿ ಎಲ್ಲಿ ಬರುತ್ತದೆ ಅಂತ ಪುಸ್ತಕದಲ್ಲಿ ಬರೆಯುತ್ತಾ ಹೋಗಬೇಕು. ಎಲ್ಲೂ ಬರದ ಚೌಕ ಸಿಕ್ಕರೆ ಅಲ್ಲಿಂದ ಕೆಲಸ ಶುರು. ಮೊದಲ ಸಲ ಹೀಗೆ ಸಿಕ್ಕಾಗ ಆಗುವ ಖುಷಿ ಇದೆಯಲ್ಲ, ನನಗೆ ಇವತ್ತಿಗೂ ಮರೆತಿಲ್ಲ.

ಆಮೇಲೆ ಮಾತು. ಹೆಕ್ಸ್ ಎಡಿಟರ್‌ನಲ್ಲಿ ಹಳೆಯ ಗೇಮ್ ತೆರೆದ ತಕ್ಷಣ ಓದುವಂಥ ಅಕ್ಷರ ಕಾಣುವುದು ಕಡಿಮೆ. ಅವರವರು ತಮ್ಮದೇ ಅಕ್ಷರಪಟ್ಟಿ ಮಾಡಿಕೊಂಡಿರುತ್ತಾರೆ. ಮಾರಿಯೋದಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಅಂಕಿ, 10 ಅಂದರೆ ಇಂಗ್ಲಿಷಿನ 'ಎ', 11 ಅಂದರೆ 'ಬಿ'. ಪಟ್ಟಿ ಗೊತ್ತಿಲ್ಲದಿದ್ದರೆ ಅಕ್ಷರಗಳ ನಡುವಿನ ದೂರ ಹಿಡಿದು ಹುಡುಕಬೇಕು. ಆಟದಲ್ಲಿ ಕಂಡ ಒಂದು ಪದ ತೆಗೆದುಕೊಳ್ಳಿ. ಅದರ ಮೊದಲ ಅಕ್ಷರದಿಂದ ಎರಡನೆಯದು ಎಷ್ಟು ಮುಂದೆ, ಮೂರನೆಯದು ಎಷ್ಟು ಹಿಂದೆ ಅಂತ ಲೆಕ್ಕ ಹಾಕಿ ಅದೇ ದೂರ ಇರುವ ಜಾಗ ಹುಡುಕಿ. ಒಂದು ಪದ ಸಿಕ್ಕರೆ ಪೂರ್ತಿ ಪಟ್ಟಿ ಸಿಕ್ಕಹಾಗೆ. ಮೈಸೂರಿನ ಹುಡುಗಿ ಇದರಲ್ಲಿ ನಮಗೆಲ್ಲರಿಗಿಂತ ಚುರುಕು.

ಲೆವೆಲ್ ಹುಡುಕುವುದಕ್ಕೆ ಬೇರೆ ದಾರಿ. ಆಡುವಾಗ ನೀವು ಯಾವ ಲೆವೆಲ್‌ನಲ್ಲಿ ಇದ್ದೀರಿ ಅನ್ನುವುದು ಮೆಮೊರಿಯ ಒಂದು ಮೂಲೆಯಲ್ಲಿ ಅಂಕಿಯಾಗಿ ಕೂತಿರುತ್ತದೆ. ಒಂದನೇ ಲೆವೆಲ್‌ನಲ್ಲಿ ಏನಿತ್ತು, ಎರಡಕ್ಕೆ ಹೋದಾಗ ಯಾವುದು ಬದಲಾಯಿತು ಅಂತ ಸೋಸುತ್ತಾ ಹೋದರೆ ಆ ಜಾಗ ಸಿಗುತ್ತದೆ. ಅಲ್ಲಿ ಬೇರೆ ಬೇರೆ ಅಂಕಿ ಹಾಕಿ ನೋಡಿ. ಹೆಚ್ಚಿನ ಸಲ ಗೇಮ್ ಕುಸಿದು ಬೀಳುತ್ತದೆ. ಯಾವಾಗಲೋ ಒಮ್ಮೆ ಯಾರೂ ಕಾಲಿಡದ ಕೋಣೆ ತೆರೆಯುತ್ತದೆ.

ಒಂದು ಎಚ್ಚರ. 'ಇದನ್ನು ಬಳಸಿಲ್ಲ' ಅಂತ ಹೇಳುವುದು ಸುಲಭ, ತೋರಿಸುವುದು ಕಷ್ಟ. ಕೆಲವು ಎಮ್ಯುಲೇಟರ್‌ಗಳಲ್ಲಿ ನೀವು ಆಡುತ್ತಿದ್ದ ಹಾಗೆ ಗೇಮ್ ಯಾವ ಬೈಟ್ ಓದಿತು, ಯಾವುದನ್ನು ಓದಲಿಲ್ಲ ಅಂತ ಗುರುತು ಹಾಕುವ ಲಾಗರ್ ಇದೆ. ಗೇಮ್ ಪೂರ್ತಿ ಆಡಿದ ಮೇಲೂ ಗುರುತು ಬೀಳದ್ದು ನಮ್ಮ ಅನುಮಾನದ ಪಟ್ಟಿಗೆ ಸೇರುತ್ತದೆ. ಹಾಗಂತ ಅದೇ ಸಾಕ್ಷಿ ಅಲ್ಲ. ನೀವು ಸೋತಾಗ ಮಾತ್ರ ಬರುವ ಪರದೆ ಇರಬಹುದು, ಎರಡನೇ ಸಲ ಆಡಿದರೆ ಮಾತ್ರ ಬರುವ ಶತ್ರು ಇರಬಹುದು. ನಾವು ಒಂದು ಸಲ ಒಂದು ರಾಗವನ್ನು 'ಬಳಸದ ಸಂಗೀತ' ಅಂತ ಬರೆದು ಸಂಭ್ರಮಪಟ್ಟಿದ್ದೆವು. ಎರಡು ವಾರ ಆದಮೇಲೆ, ಸಮಯ ಮುಗಿಯಲು ಬಿಟ್ಟರೆ ಅದು ಬರುತ್ತದೆ ಅಂತ ಗೊತ್ತಾಯಿತು. ಬರೆದದ್ದನ್ನು ಹೊಡೆದು ಹಾಕಿ, ಯಾಕೆ ತಪ್ಪಾಯಿತು ಅಂತ ಪಕ್ಕದಲ್ಲಿ ಬರೆದೆವು. ಆ ಪುಟ ಈಗಲೂ ಇದೆ.

ಕೋಡಿಂಗ್ ಬರಲೇಬೇಕಾ?

ಶುರು ಮಾಡಲು ಬೇಡ. ತಾಳ್ಮೆ ಬೇಕು, ಬರೆದಿಡುವ ಅಭ್ಯಾಸ ಬೇಕು. ಮುಂದೆ ಹೋಗುತ್ತಾ ಅಸೆಂಬ್ಲಿ, ಅಂದರೆ ಯಂತ್ರಕ್ಕೆ ತೀರಾ ಹತ್ತಿರದ ಕೋಡ್ ಭಾಷೆ, ಕಲಿಯುವ ಆಸೆ ತಾನಾಗಿ ಬರುತ್ತದೆ. ಆಗ ಪ್ರೋಗ್ರಾಂ ಬಿಚ್ಚಿ ಓದಲು ಘಿದ್ರಾ ಥರದ ಸಲಕರಣೆ ಇದೆ, 2019ರಿಂದ ಎಲ್ಲರಿಗೂ ಉಚಿತ.

ಮೊಬೈಲ್ ಗೇಮ್‌ನಲ್ಲೂ ಸಿಗುತ್ತಾ?

ಸಿಗುತ್ತದೆ. ಆಂಡ್ರಾಯ್ಡ್‌ನ ಎಪಿಕೆ ಫೈಲ್ ಅಂದರೆ ಮೂಲತಃ ಜಿಪ್ ಫೈಲ್, ಬಿಚ್ಚಿದರೆ ಒಳಗಿನ ಚಿತ್ರ, ಸದ್ದು ಎಷ್ಟೋ ಹಾಗೇ ಕಾಣುತ್ತವೆ. ಆದರೆ ಬಿಜಿಎಂಐ, ಫ್ರೀ ಫೈರ್ ಥರ ಬೇರೆಯವರ ಜೊತೆ ಆನ್‌ಲೈನ್ ಆಡುವ ಗೇಮ್‌ಗಳಿಗೆ ಕೈ ಹಾಕಬೇಡಿ. ನೀವು ಮೋಸಕ್ಕೆ ಮಾಡುತ್ತಿದ್ದೀರೋ ಕುತೂಹಲಕ್ಕೋ ಅಂತ ಅವರ ಸಾಫ್ಟ್‌ವೇರ್‌ಗೆ ಗೊತ್ತಾಗುವುದಿಲ್ಲ. ಅಕೌಂಟ್ ಹೋಗುತ್ತದೆ.

ಇದರಲ್ಲಿ ಸುಳ್ಳು ಜಾಸ್ತಿ ಅಲ್ವಾ? ನಿಜ ಯಾವುದು ಅಂತ ತಿಳಿಯೋದು ಹೇಗೆ?

ಜಾಸ್ತಿಯೇ. ಮ್ಯೂ ಬಗ್ಗೆಯೇ ನೋಡಿ. ಪೋಕೆಮಾನ್‌ನಲ್ಲಿ ಒಂದು ಹಡಗಿನ ಹತ್ತಿರ, ಸುಲಭವಾಗಿ ಹೋಗಲು ಆಗದ ಜಾಗದಲ್ಲಿ ಒಂದು ಟ್ರಕ್ ನಿಂತಿದೆ. ಟ್ರಕ್ ಇರುವುದು ನಿಜ. ಅದರ ಕೆಳಗೆ ಮ್ಯೂ ಇದೆ ಅನ್ನುವುದು ಸುಳ್ಳು. ಪಾಪ, ಎಷ್ಟು ಮಕ್ಕಳು ಆ ಟ್ರಕ್ ತಳ್ಳಲು ನೋಡಿದರೋ.

ಸೂಪರ್ ಮಾರಿಯೋ 64ರ ಕಥೆ ಉಲ್ಟಾ. 1996ರಲ್ಲಿ ಗೇಮ್ ಬಂದಾಗಿನಿಂದ ಮಾರಿಯೋನ ತಮ್ಮ ಲುಯಿಗಿ ಎಲ್ಲೋ ಅಡಗಿದ್ದಾನೆ ಅಂತ ಜನ ಹುಡುಕಿದರು. ಒಂದು ಕಲ್ಲಿನ ಫಲಕದ ಮೇಲಿನ ಮಸುಕಾದ ಬರಹವನ್ನು 'ಎಲ್ ನಿಜ' ಅಂತ ಓದಿದರು. ಮಾರಾಟವಾದ ಕ್ಯಾಸೆಟ್‌ನಲ್ಲಿ ಲುಯಿಗಿ ಇರಲಿಲ್ಲ. ಆದರೆ 2020ರ ಜುಲೈನಲ್ಲಿ ಮಾರಿಯೋ ಮಾಡುವ ಕಂಪನಿ ನಿಂಟೆಂಡೋದ ಒಳಗಿನ ಫೈಲ್‌ಗಳು ಸೋರಿದಾಗ, ಮಾಡುತ್ತಾ ಮಾಡುತ್ತಾ ಬಿಟ್ಟ ಲುಯಿಗಿಯ ಭಾಗಗಳು ಅದರಲ್ಲಿ ಸಿಕ್ಕವು.

ನನ್ನ ಪರೀಕ್ಷೆ ಒಂದೇ. ಯಾವ ಗೇಮ್, ಯಾವ ದೇಶದ ಆವೃತ್ತಿ, ಫೈಲ್‌ನ ಯಾವ ಜಾಗದಲ್ಲಿ ಸಿಕ್ಕಿತು ಅಂತ ಹೇಳಿದ್ದಾರಾ? ಅದನ್ನು ಹಿಡಿದು ನಾನು ನನ್ನ ಪ್ರತಿಯಲ್ಲಿ ನೋಡಿದರೆ ಸಿಗುತ್ತದಾ? ಸಿಕ್ಕರೆ ನಿಜ. ಬರೀ ವಿಡಿಯೋ ತೋರಿಸಿದರೆ ನಾನು ನಂಬುವುದಿಲ್ಲ.

ಇದು ಕಾನೂನು ಪ್ರಕಾರ ಸರೀನಾ?

ನಮ್ಮ ದೇಶದ 1957ರ ಕಾಪಿರೈಟ್ ಕಾಯಿದೆಯ 52ನೇ ಸೆಕ್ಷನ್ ಇಲ್ಲಿ ಮುಖ್ಯ. ನ್ಯಾಯವಾಗಿ ನಿಮ್ಮ ಕೈಗೆ ಬಂದ ಪ್ರೋಗ್ರಾಂ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಿ, ಪರೀಕ್ಷಿಸಿ, ಅದರ ಹಿಂದಿನ ವಿಚಾರ ತಿಳಿಯಲು ಅದರಲ್ಲಿ ಅವಕಾಶ ಇದೆ. ನಿಮ್ಮ ಸ್ವಂತ ಪ್ರತಿಯಿಂದ ವ್ಯಾಪಾರಕ್ಕಲ್ಲದೆ ನಿಮ್ಮ ಬಳಕೆಗೆ ನಕಲು ಮಾಡಿಕೊಳ್ಳಲೂ ಬಹುದು. ಆದರೆ ಆ ನಕಲನ್ನು ಊರಿಗೆಲ್ಲ ಹಂಚುವ ಹಾಗಿಲ್ಲ. 2012ರಲ್ಲಿ ಸೇರಿಸಿದ 65ಎ ಸೆಕ್ಷನ್, ಕಾಪಿರೈಟ್ ಮುರಿಯುವ ಉದ್ದೇಶದಿಂದ, ನಕಲು ತಡೆಯಲು ಹಾಕಿದ ಡಿಜಿಟಲ್ ಬೀಗ ಒಡೆಯುವುದನ್ನು ಅಪರಾಧ ಅನ್ನುತ್ತದೆ. ನಮ್ಮ ಮಹಡಿಯ ನಿಯಮ ಇದಕ್ಕಿಂತ ಬಿಗಿ: ಕೈಯಲ್ಲಿ ಕ್ಯಾಸೆಟ್ ಅಥವಾ ಡಿಸ್ಕ್ ಇದ್ದರೆ ಮಾತ್ರ ತೆರೆಯುವುದು.

ಕಂಪನಿಯಿಂದ ಕದ್ದು ಸೋರಿಸಿದ ಫೈಲ್ ಬಗ್ಗೆಯೂ ಕೇಳುತ್ತಾರೆ. ಅದರಲ್ಲಿ ಗೇಮ್ ಮಾತ್ರ ಅಲ್ಲ, ಕೆಲಸದವರ ಖಾಸಗಿ ವಿಷಯವೂ ಇರಬಹುದು. ನಾವು ಮುಟ್ಟುವುದಿಲ್ಲ.

ಮಕ್ಕಳು ನೋಡಬಾರದ್ದು ಸಿಕ್ಕಿಬಿಟ್ಟರೆ?

ಅಮ್ಮಂದಿರ ಈ ಪ್ರಶ್ನೆ ಸರಿಯಾದದ್ದು. ಜಿಟಿಎ ಸ್ಯಾನ್ ಆಂಡ್ರಿಯಾಸ್‌ನಲ್ಲಿ ಬಳಸದೆ ಬಿಟ್ಟ ಕಾಮದ ದೃಶ್ಯ ಇತ್ತು. 2005ರ ಜೂನ್‌ನಲ್ಲಿ ಒಂದು ಮಾಡ್, ಅಂದರೆ ಹೊರಗಿನವರು ಮಾಡಿದ ಗೇಮ್ ಬದಲಾವಣೆ, ಅದನ್ನು ತೆರೆಯಿತು. ಇದು ಹೊರಗಿನವರು ಸೇರಿಸಿದ್ದು ಅನ್ನುವ ಮಾತು ಮೊದಲು ಬಂತು, ಆದರೆ ಅದು ಡಿಸ್ಕ್‌ನಲ್ಲೇ ಇತ್ತು. ಮರುತಿಂಗಳೇ ಅಮೆರಿಕದಲ್ಲಿ ಆ ಗೇಮ್‌ನ ರೇಟಿಂಗ್ ವಯಸ್ಕರಿಗೆ ಮಾತ್ರ ಅಂತ ಬದಲಾಯಿತು, ಅಂಗಡಿಗಳು ತೆಗೆದು ಹಾಕಿದವು. ಹಾಗಾಗಿ ದೊಡ್ಡವರ ಗೇಮ್ ಅನ್ನು ನಾನು ಮಕ್ಕಳ ಮುಂದೆ ಬಿಚ್ಚುವುದಿಲ್ಲ. ಯಾವ ಗೇಮ್ ಆದರೂ ಮೊದಲು ನಾನೊಬ್ಬನೇ ನೋಡುತ್ತೇನೆ.

ಬಿಟ್ಟದ್ದನ್ನು ಮತ್ತೆ ಜೋಡಿಸೋಕೆ ಆಗುತ್ತಾ?

ಕೆಲವು ಸಲ ಆಗಿದೆ. 1992ರ ಸೋನಿಕ್ 2ರಲ್ಲಿ ಕೈಬಿಟ್ಟಿದ್ದ 'ಹಿಡನ್ ಪ್ಯಾಲೇಸ್' ಅನ್ನುವ ಲೆವೆಲ್, 2013ರ ಮೊಬೈಲ್ ಆವೃತ್ತಿಯಲ್ಲಿ ಆಡುವ ಹಾಗೆ ವಾಪಸ್ ಬಂತು. 2004ರ ಕೊನೆಗೆ ಅವಸರದಲ್ಲಿ ಹೊರಬಂದ ಸ್ಟಾರ್ ವಾರ್ಸ್ 'ಸಿತ್ ಲಾರ್ಡ್ಸ್' ಗೇಮ್‌ನಲ್ಲಿ ಕಥೆಯ ಕೊನೆ ಅರ್ಧಂಬರ್ಧ ಆಗಿತ್ತು. ಆದರೆ ನಟರ ಧ್ವನಿ, ದೃಶ್ಯ ಎಷ್ಟೋ ಡಿಸ್ಕ್‌ನಲ್ಲೇ ಉಳಿದಿದ್ದವು. ಅಭಿಮಾನಿಗಳು ವರ್ಷಗಟ್ಟಲೆ ಕೂತು ಅವನ್ನು ಹೆಣೆದರು. ಸಂಬಳ ಇಲ್ಲದ ಕೆಲಸ ಅದು. ನನಗೆ ಅವರ ಮೇಲೆ ತುಂಬಾ ಗೌರವ.

ಹಳೇ ಗೇಮ್‌ಗಳಲ್ಲಿ ಇನ್ನೂ ಏನಾದ್ರೂ ಉಳಿದಿರುತ್ತಾ?

1994ರ ಸೂಪರ್ ಪಂಚ್-ಔಟ್‌ನಲ್ಲಿ ಇಬ್ಬರು ಎದುರುಬದುರು ಆಡಬಹುದು ಅಂತ ಗೊತ್ತಾದದ್ದು 2022ರಲ್ಲಿ. 28 ವರ್ಷ ಎಲ್ಲರೂ ಒಬ್ಬರೇ ಆಡುತ್ತಿದ್ದರು. 1997ರ ಗೋಲ್ಡನ್‌ಐ ಒಳಗೆ ಬೇರೊಂದು ಹಳೆಯ ಕಂಪ್ಯೂಟರಿನ ಎಮ್ಯುಲೇಟರ್, ಜೊತೆಗೆ 10 ಗೇಮ್ ಇದ್ದದ್ದು 2012ರಲ್ಲಿ ತಿಳಿಯಿತು. 2021ರಲ್ಲಂತೂ ಎಫ್-ಝೀರೋ ಎಕ್ಸ್ ಅನ್ನುವ ರೇಸ್ ಗೇಮ್‌ನ ತಯಾರಕರ ಕ್ಯಾಸೆಟ್ ಒಂದರಲ್ಲಿ, ಆ ಗೇಮ್ ಆವರಿಸದೆ ಉಳಿದ ಜಾಗದಲ್ಲಿ, ಇನ್ನೂ ತಯಾರಾಗುತ್ತಿದ್ದ ಕಾಲದ ಜೆಲ್ಡಾ ಗೇಮ್‌ನ ತುಣುಕುಗಳು ಸಿಕ್ಕವು. ಸ್ಲೇಟು ಒರೆಸಿದ ಮೇಲೂ ಹಳೆಯ ಅಕ್ಷರ ಮಂಕಾಗಿ ಕಾಣುತ್ತದಲ್ಲ, ಹಾಗೆ.

ನಮ್ಮನೆ ಅಟ್ಟದ ಮೇಲೆ ಹಳೇ ಟೀವಿ ಗೇಮ್ ಕ್ಯಾಸೆಟ್ ಇದೆ. ಪ್ರಯೋಜನ ಇದೆಯಾ?

ದಯವಿಟ್ಟು ಗುಜರಿಗೆ ಹಾಕಬೇಡಿ. ನನ್ನ ಒಂದು ಡಬ್ಬ ಕ್ಯಾಸೆಟ್ ಮನೆ ಬದಲಿಸುವಾಗ ಹಾಗೇ ಹೋಯಿತು. ಆಗ ನನಗೆ ಬೆಲೆ ಗೊತ್ತಿರಲಿಲ್ಲ. ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಜಪಾನ್, ಅಮೆರಿಕದ ದೊಡ್ಡ ಗೇಮ್‌ಗಳನ್ನು ಸಾವಿರಾರು ಜನ ಸೋಸಿ ನೋಡಿದ್ದಾರೆ. ನಮ್ಮ ಕಡೆ ಮಾರುತ್ತಿದ್ದ '9999 ಇನ್ 1' ಕ್ಯಾಸೆಟ್‌ಗಳನ್ನು ಯಾರು ನೋಡಿದ್ದಾರೆ? ಪಟ್ಟಿಯಲ್ಲಿ ಸಾವಿರಗಟ್ಟಲೆ ಹೆಸರು, ಒಳಗೆ ಕೆಲವೇ ಗೇಮ್. ಅದೇ ಗೇಮ್ ಬೇರೆ ಲೆವೆಲ್‌ನಿಂದ ಶುರುವಾಗಿ ಬೇರೆ ಹೆಸರಲ್ಲಿ ಬರುತ್ತದೆ. ಮಾರಿಯೋನ ಮುಖ ಬದಲಿಸಿ, ಹೆಸರು ಅಳಿಸಿ ಮಾಡಿದ ಆವೃತ್ತಿಗಳಿರುತ್ತವೆ. ಅದನ್ನು ಬದಲಿಸಿದವರು ಯಾರೋ, ಎಲ್ಲಿ ಕೂತು ಮಾಡಿದರೋ. ಪಟ್ಟಿಗೆ ಸೇರದ ಗೇಮ್ ಒಳಗೆ ಉಳಿದಿರಲೂಬಹುದು.

ಕ್ಯಾಸೆಟ್ ಸಿಕ್ಕರೆ ಮೊದಲು ಲೇಬಲ್‌ನ ಫೋಟೋ ತೆಗೆಯಿರಿ, ಹಿಂದೆ ಮುಂದೆ ಎರಡೂ. ಎಲ್ಲಿ ಕೊಂಡದ್ದು, ಯಾವ ವರ್ಷ, ಎಷ್ಟು ಕೊಟ್ಟಿರಿ ಅಂತ ನೆನಪಿದ್ದಷ್ಟು ಬರೆಯಿರಿ. ಅಪ್ಪನನ್ನೋ ಚಿಕ್ಕಪ್ಪನನ್ನೋ ಕೇಳಿ. ಬಾಯಲ್ಲಿ ಊದಬೇಡಿ, ಎಂಜಲಿನ ತೇವಕ್ಕೆ ತಾಮ್ರದ ಪಟ್ಟಿ ಹಾಳಾಗುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿ ಅದ್ದಿ ಮೆಲ್ಲಗೆ ಒರೆಸಿ, ಪೂರ್ತಿ ಒಣಗಲು ಬಿಡಿ. ಸೇವ್ ಮಾಡುವ ಕ್ಯಾಸೆಟ್ ಆದರೆ ಒಳಗೆ ಸಣ್ಣ ಬ್ಯಾಟರಿ ಇರುತ್ತದೆ, ಅದನ್ನು ಕಿತ್ತರೆ ಸೇವ್ ಹೋಗುತ್ತದೆ, ಹಾಗಾಗಿ ಸುಮ್ನೆ ಬಿಚ್ಚಲು ಹೋಗಬೇಡಿ. ತಂಪಾದ, ಒಣ ಜಾಗದಲ್ಲಿ, ಬಿಸಿಲು ಬೀಳದ ಹಾಗೆ ಒಂದು ಡಬ್ಬದಲ್ಲಿ ಇಟ್ಟು, ಭಾನುವಾರ ಹತ್ತು ಗಂಟೆಯ ಮೇಲೆ ತನ್ನಿ. ಕ್ಯಾಸೆಟ್ ನಿಮ್ಮದೇ, ಓದಿ ಅವತ್ತೇ ವಾಪಸ್ ಕೊಡುತ್ತೇವೆ. ಒಳಗೆ ಏನು ಸಿಕ್ಕಿತು ಅನ್ನುವುದನ್ನು ನೀವೂ ಕೂತು ನೋಡಬಹುದು.